ಬರಿಗಾಲಿನ ಟೆಸ್ಟ್ ಡ್ರೈವ್

ಗೋಣಿಬೀಡಿನ ನಾಗೇಶಗೌಡರು ಆ ಭಾನುವಾರ ಎದ್ದಾಗಿನಿಂದ ಗೇಟಿಗೂ ಮನೆಗೂ ಏಳು ಸಲ ಓಡಾಡಿದ್ದರು. ಕಾಫಿ ತಣ್ಣಗಾಯಿತು, ರೊಟ್ಟಿ ಒಣಗಿತು, ಪೇಪರಿನ ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ.

"ಎಂಟಕ್ಕೆ ಬರ್ತೀನಿ ಅಂದೋನು ಎಂಟಕ್ಕೆ ಬರ್ಬೇಕು. ಎಂಟೂ ಕಾಲಾಯ್ತು!"

"ಬರ್ತಿರೋದು ಕಾರೋ, ಹೆಣ್ಣು ನೋಡೋಕೆ ಗಂಡಿನ ಕಡೆಯೋರೋ?" ಎಂದು ಹೆಂಡತಿ ವಸಂತಮ್ಮ ಅಡುಗೆಮನೆಯಿಂದಲೇ ನಕ್ಕರು.

ಬರುತ್ತಿದ್ದುದು ಕಾರೇ. ಅದೂ ಅಂತಿಂಥದ್ದಲ್ಲ. ಒಂದೆರಡು ವರ್ಷ ಓಡಿದ ಫಾರಿನ್ ಕಾರುಗಳನ್ನು ಮಾರುವ ವ್ಯಾಪಾರಿಯೊಬ್ಬ ಮಂಗಳೂರಿನಲ್ಲಿದ್ದ. ಅವನ ಸೇಲ್ಸ್‌ಮನ್ ಅಭಿಷೇಕ್ ಹಿಂದಿನ ಭಾನುವಾರ ಒಂದು ಕಪ್ಪು ಕಾರು ತಂದು ತೋರಿಸಿ, ಬೈಸಿಕೊಂಡು ಹೋಗಿದ್ದ. ಇವತ್ತು ಬೇರೆ ಕಂಪನಿಯ ಬೆಳ್ಳಿ ಬಣ್ಣದ್ದನ್ನು ತರುವವನಿದ್ದ. ಎರಡೂ ಜರ್ಮನಿಯವು, ಎರಡೂ ರೇಸಿನ ಕುದುರೆಯಂಥವು. ೨೦೦೮ರಲ್ಲಿ ಅಂಥ ಕಾರು ಮೂಡಿಗೆರೆ ರಸ್ತೆಗೆ ಬಂದರೆ ಚಹಾ ಅಂಗಡಿಯವನು ಸೌಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದ.

ಐವತ್ತೆಂಟು ವರ್ಷದ ಮನುಷ್ಯನಿಗೆ ಈ ಹುಚ್ಚು ಯಾಕೆ ಎಂದು ಊರು ಕೇಳಿತು. ಊರಿಗೇನು, ಬಾಯಿಗೆ ಬೀಗವೇ? ಗೌಡರು ಹರೆಯದಲ್ಲಿ ಜೀಪ್ ರ‍್ಯಾಲಿಯಲ್ಲಿ ಕಪ್ ಗೆದ್ದವರು, ಕಾರಿನ ಚಟ ರಕ್ತದಲ್ಲೇ ಇದೆ ಎಂದು ಜನ ತಾವೇ ಉತ್ತರವನ್ನೂ ಹೇಳಿಕೊಂಡರು. ಆದರೆ ನಿಜವಾದ ಕಾರಣ ಗೌಡರ ಬಲಗಾಲಿನಲ್ಲಿತ್ತು, ಅದನ್ನು ಅವರು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಅದು ಗೊತ್ತಾದದ್ದು. ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದ ದೇವೀರಮ್ಮ ಒಂದು ಚಪ್ಪಲಿ ಹಿಡಿದುಕೊಂಡು ಹಿಂದಿನಿಂದ ಓಡಿಬಂದಳು. "ಅಯ್ಯಾ, ಚಪ್ಪಲಿ ಅಲ್ಲೇ ಬಿಟ್ ಬಂದ್ರಲ್ಲ!" ಗೌಡರು ಬಗ್ಗಿ ನೋಡಿದರೆ ಬಲಗಾಲು ಬರಿದಾಗಿತ್ತು. ಚಪ್ಪಲಿ ಕಳಚಿದ್ದೂ ತಿಳಿದಿರಲಿಲ್ಲ, ಅರ್ಧ ಫರ್ಲಾಂಗು ಮಣ್ಣು ತುಳಿದದ್ದೂ ತಿಳಿದಿರಲಿಲ್ಲ. ಬಾರು ಸಡಿಲ ಎಂದು ಆಕೆಗೊಂದು ಸುಳ್ಳು ಹೇಳಿ, ಮರದ ಮರೆಗೆ ಹೋಗಿ ಅಂಗಾಲನ್ನು ಉಗುರಿನಿಂದ ಗೀರಿ ನೋಡಿದರು. ಯಾರದೋ ಕಾಲು ಗೀರಿದಂತಿತ್ತು.

ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಸುಮ್ಮನೆ ಬಿಡುತ್ತದೆಯೇ? ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಏನು ಹೇಳುತ್ತಾರೆ ಎಂಬುದು ಗೊತ್ತಿತ್ತು. ಸಂಸೆ ಊರಿನ ಭಾವ ಪುಟ್ಟಸ್ವಾಮಿಗೂ ಹೀಗೇ ಆಗಿ, ಡಾಕ್ಟರು ಸ್ಟೀರಿಂಗ್ ಮುಟ್ಟಬೇಡಿ ಎಂದಿದ್ದರು. ಘಾಟಿಯಲ್ಲಿ ಲಾರಿಗಳನ್ನು ನೀರು ಕುಡಿದಷ್ಟು ಸುಲಭವಾಗಿ ಹಿಂದೆ ಹಾಕುತ್ತಿದ್ದ ಆ ಮನುಷ್ಯ ಈಗ ಹಿಂದಿನ ಸೀಟಿನಲ್ಲಿ ಗೊಬ್ಬರದ ಮೂಟೆಯ ಹಾಗೆ ಕೂತಿರುತ್ತಿದ್ದ. ಹಾಗೆ ಬದುಕುವುದಕ್ಕಿಂತ ಸಾಯುವುದು ಲೇಸು ಎಂದು ಗೌಡರು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದರು.

ಆಗ ಹುಟ್ಟಿದ್ದು ಈ ಉಪಾಯ. ಮನೆಯ ಹಳೆ ಕಾರಿನ ಪೆಡಲ್ ತುಕ್ಕು ಹಿಡಿದಿದೆ, ಅದಕ್ಕೇ ಕಾಲಿಗೆ ತಿಳಿಯುತ್ತಿಲ್ಲ. ಫಾರಿನ್ ಕಾರಿನದು ತುಂಬ ನಾಜೂಕಂತೆ, ಇರುವೆ ಕೂತರೂ ಗೊತ್ತಾಗುತ್ತದಂತೆ. ಅಂಥ ಪೆಡಲ್ ಸಿಕ್ಕರೆ ಕಾಲು ಮತ್ತೆ ಮಾತಾಡೀತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಹಿಂದಿನ ಭಾನುವಾರ ಕಪ್ಪು ಕಾರನ್ನು ದೇವರಮನೆ ಗುಡ್ಡದ ದಾರಿಗೆ ಒಯ್ದಿದ್ದರು. ಹೊಸ ಗಾಡಿಯನ್ನು ದೇವರಮನೆ ಹತ್ತಿಸಿ ಇಳಿಸದೆ ಕೊಳ್ಳುವವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ. ಗೌಡರು ಓಡಿಸಿದ್ದು ಬರಿಗಾಲಲ್ಲಿ. ಜೀಪ್ ಡ್ರೈವರ್ ಕೆಂಚಯ್ಯ ಚಿಕ್ಕಂದಿನಲ್ಲಿ ಗೌಡರಿಗೆ ಕಲಿಸಿದ ಮೊದಲ ಪಾಠವೇ ಅದು. "ಚಪ್ಪಲಿ ಬಿಚ್ಚಿ ಕೂತ್ಕಳಿ ಸಣ್ಣಯ್ಯಾ. ಗಾಡಿ ಮಾತಾಡೋದು ಕಿವಿಗಲ್ಲ, ಅಂಗಾಲಿಗೆ." ಕಪ್ಪು ಕಾರಿನ ಇಂಜಿನ್ ಹುಲಿಯಂತೆ ಗುರುಗುಟ್ಟಿತು, ಸ್ಟೀರಿಂಗ್ ಹೇಳಿದಂತೆ ಕೇಳಿತು. ಅಂಗಾಲಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ತಡವಾಗಿ, ಚಕ್ರ ರಸ್ತೆ ಅಂಚಿನ ಹುಲ್ಲಿಗೆ ಹೋಗಿ ನಿಂತಿತು. "ಬ್ರೇಕೇ ಸರಿ ಇಲ್ಲದ ಗಾಡಿ ತಂದು ನಮ್ಮನ್ನ ಕೊಲ್ತೀಯೇನಯ್ಯಾ!" ಎಂದು ಅಭಿಷೇಕನ ಮೇಲೆ ಹಾರಾಡಿದ್ದರು. ರಾತ್ರಿ ಊಟಕ್ಕೆ ಬಡಿಸುತ್ತ ವಸಂತಮ್ಮ, "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ತಮಾಷೆ ಮಾಡಿದ್ದರು. ಗೌಡರು ಆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದರು.

ಎಂಟೂವರೆಗೆ ಬೆಳ್ಳಿ ಕಾರು ಬಂತು. ಗೌಡರು ಜಗಲಿಯಲ್ಲೇ ಚಪ್ಪಲಿ ಬಿಟ್ಟು ಹೊರಟರು. ವಸಂತಮ್ಮ ಹಿಂದಿನ ಸೀಟಿಗೆ ಹತ್ತಿದರು, ಅಭಿಷೇಕ್ ಪಕ್ಕದಲ್ಲಿ ಕೂತ.

"ಆಟೋಮ್ಯಾಟಿಕ್ ಸರ್, ಕ್ಲಚ್ ಇಲ್ಲ. ಬಲಗಾಲು ಒಂದೇ ಸಾಕು."

"ಗೊತ್ತು ಮಾರಾಯ, ಪಾಠ ಮಾಡ್ಬೇಡ" ಎಂದರು ಗೌಡರು. ಇರುವ ಕೆಲಸವೆಲ್ಲ ಆ ಒಂದು ಕಾಲಿಗೇ ಬಿತ್ತಲ್ಲ ಎಂದುಕೊಳ್ಳುತ್ತ ಗಾಡಿ ಹೊರಡಿಸಿದರು.

ಮೂಡಿಗೆರೆ ದಾಟುವವರೆಗೆ ಬಾಯಿ ಬಿಡದೆ ಹೋಲಿಸುತ್ತಲೇ ಇದ್ದರು. ಕಪ್ಪಿನದಕ್ಕಿಂತ ಇದರ ಸದ್ದು ಕಡಿಮೆ, ಸೀಟು ಮೆತ್ತಗೆ, ರಸ್ತೆಯ ಹಂಪಿನಲ್ಲಿ ಹೊಟ್ಟೆ ಉಜ್ಜುವುದಿಲ್ಲ. ಸ್ಟೀರಿಂಗ್ ಅಷ್ಟು ಚುರುಕಲ್ಲ. ಏರಿನಲ್ಲಿ ಇದರ ನುಗ್ಗು ನೋಡಬೇಕು! ಆದರೆ ಇದೆಲ್ಲ ಯಾರಿಗೆ ಬೇಕಿತ್ತು? ಅವರು ಕಾಯುತ್ತಿದ್ದುದು ಅಂಗಾಲಿನಲ್ಲಿ ಒಂದೇ ಒಂದು ಚುರುಕ್ ಎನ್ನುವುದಕ್ಕೆ. ಒಮ್ಮೆ ಬೆರಳು ಮಡಚಿದರು, ಒಮ್ಮೆ ಹಿಮ್ಮಡಿ ಸರಿಸಿದರು, ಬಗ್ಗಿ ಕಾಲು ಎಲ್ಲಿದೆ ಎಂದು ಕಣ್ಣಿನಿಂದ ನೋಡಿಕೊಂಡರು.

"ರಸ್ತೆ ನೋಡ್ರೀ!" ಎಂದರು ವಸಂತಮ್ಮ.

ದೇವರಮನೆಯಲ್ಲಿ ಕಾರು ನಿಲ್ಲಿಸಿದರು. ವಸಂತಮ್ಮ ಗುಡಿಗೆ ಹೋಗಿ ಕೈಮುಗಿದು ಬರುವಷ್ಟರಲ್ಲಿ ಗೌಡರು ಕಾರಿನ ಸುತ್ತ ನಾಲ್ಕು ಸುತ್ತು ಹಾಕಿದರು, ಟೈರು ಒದ್ದರು, ಗುಡ್ಡದ ಅಂಚಿಗೆ ಹೋಗಿ ಬಂದರು. ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹುಲ್ಲಿನಲ್ಲಿ ಪ್ರವಾಸಿಗರು ಕುಡಿದು ಒಡೆದ ಬಾಟಲಿಗಳಿದ್ದವು. "ಹಾಳಾದೋರು, ದೇವರ ಜಾಗ ಅನ್ನೋದೂ ಇಲ್ಲ" ಎಂದು ಬೈಯುತ್ತ ಬಂದು ಸ್ಟೀರಿಂಗ್ ಹಿಡಿದರು.

ಇಳಿಯುವಾಗ ಮೂರನೇ ತಿರುವಿನಲ್ಲಿ ಕೂಲಿಯಾಳುಗಳನ್ನು ತುಂಬಿಕೊಂಡ ಜೀಪೊಂದು ಎದುರಾಯಿತು. ಗೌಡರು ಬ್ರೇಕ್ ಒತ್ತಿದರು. ಒತ್ತಿದೆನೋ ಇಲ್ಲವೋ ತಿಳಿಯಲಿಲ್ಲ. ಜೀಪು ಹತ್ತಿರವಾಯಿತು. ಸೊಂಟದಿಂದ ಪೂರಾ ಬಲ ಹಾಕಿ ತುಳಿದರು. ಕಾರು ಗಕ್ಕನೆ ನಿಂತು, ವಸಂತಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಜೀಪಿನವನು ಕೈ ಬೀಸಿ ಬೈದುಕೊಂಡೇ ಮೇಲೆ ಹೋದ.

"ನೋಡಿದ್ಯಾ! ಇದೂ ಅದೇ ಹಣೆಬರಹ! ಮೊದ್ಲು ಹಿಡಿಯಲ್ಲ, ಆಮೇಲೆ ಒಂದೇ ಸಲ ಹಿಡಿಯುತ್ತೆ. ಇದೊಂದು ಕಾರಾ!" ಎಂದು ಗೌಡರು ಅಭಿಷೇಕನ ಕಡೆ ತಿರುಗಿದರು.

ಅಭಿಷೇಕ್ ಬೆವರು ಒರೆಸಿಕೊಂಡ. "ಸರ್, ತಪ್ಪು ತಿಳ್ಕೊಬೇಡಿ. ಎರಡು ಬೇರೆ ಬೇರೆ ಕಂಪನಿ ಕಾರಿಗೆ ಒಂದೇ ಕಾಯಿಲೆ ಹೇಗೆ ಬರ್ತದೆ ಸರ್?" ಎನ್ನುತ್ತ ಪೆಡಲ್ ನೋಡಲು ಬಗ್ಗಿದವನು ಹಾಗೇ ಉಳಿದ. "ಅಯ್ಯೋ ಸರ್, ರಕ್ತ!"

ಕೆನೆ ಬಣ್ಣದ ಮ್ಯಾಟ್ ಪೂರ್ತಿ ಕೆಂಪಾಗಿತ್ತು. ಬ್ರೇಕ್ ಪೆಡಲ್ ಮೇಲೂ ರಕ್ತ ಅಂಟಿತ್ತು.

ವಸಂತಮ್ಮ ಇಳಿದು ಓಡಿಬಂದು ಬಾಗಿಲು ತೆರೆದರು. ಗಂಡನ ಕಾಲನ್ನು ಹೊರಗೆಳೆದುಕೊಂಡು, ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡರು. ಅಂಗಾಲಿನ ಮಧ್ಯೆ ಬಾಟಲಿಯ ಚೂರೊಂದು ಆಳವಾಗಿ ನೆಟ್ಟಿತ್ತು.

"ಶಿವನೇ! ಇದನ್ನ ತುಳಿದು ಇಲ್ಲಿ ತನಕ ಗಾಡಿ ಓಡ್ಸಿದ್ರಾ? ನೋವಾಗ್ಲಿಲ್ವಾ?"

"ಆಗ್ದೆ ಇರುತ್ತಾ? ಜೀವ ಹೋಗ್ತಿದೆ. ಗಂಡಸು, ಹಲ್ಲು ಕಚ್ಚಿಕೊಂಡಿದ್ದೆ ಅಷ್ಟೆ" ಎಂದರು ಗೌಡರು. ಈಗ ಇವಳು ಚೂರನ್ನು ಎಳೆಯುತ್ತಾಳೆ, ಎಳೆದಾಗ ಕಿರುಚಬೇಕು, ಸರಿಯಾಗಿ ಕಿರುಚಿದರೆ ಎಲ್ಲ ನಂಬುತ್ತಾರೆ. ಬಾಗಿಲಿನ ಅಂಚನ್ನು ಬಿಗಿಹಿಡಿದರು. ಕಣ್ಣು ಮುಚ್ಚಿ, ಮುಖ ಕಿವುಚಿಕೊಂಡು ಕಾದರು. ಎಲ್ಲೋ ಗಿಡದಲ್ಲಿ ಹಕ್ಕಿಯೊಂದು ಕೂಗುತ್ತಿತ್ತು. ಇನ್ನೂ ಕಾದರು.

"ತೆಗಿಯೇ ಮಾರಾಯ್ತಿ ಬೇಗ! ಎಷ್ಟು ಹೊತ್ತು?"

ಗೌಡರು ಕಣ್ಣು ಬಿಟ್ಟರು. ಚೂರು ವಸಂತಮ್ಮನ ಅಂಗೈಯಲ್ಲಿತ್ತು. ಕಾಲಿಗೆ ಸೆರಗಿನ ಬಟ್ಟೆ ಹರಿದು ಎರಡು ಸುತ್ತು ಕಟ್ಟಿ, ಗಂಟು ಕೂಡ ಹಾಕಿ ಆಗಿತ್ತು. ಆಕೆ ಗಂಡನ ಮುಖವನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು.

"ಯಾವಾಗಿಂದ ರೀ?"

ಅವಮಾನವೋ ದುಃಖವೋ, ಒಳಗಿನಿಂದ ಉಕ್ಕಿ ಬಂದದ್ದನ್ನು ತಡೆಯಲಾಗದೆ, ಮಂಗಳೂರಿನ ಸೇಲ್ಸ್‌ಮನ್ ಎದುರಿಗೇ ಗೌಡರು ಅತ್ತುಬಿಟ್ಟರು. "ಕೊಯ್ಲಿನ ಟೈಮಿಂದ" ಎಂದರು.

ವಸಂತಮ್ಮ ಆ ಕಾಲನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಗೌಡರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಕೀ ತೆಗೆದು ಅಭಿಷೇಕನ ಕಡೆ ಚಾಚಿದರು.

"ನೀನೇ ಓಡ್ಸು ಮಾರಾಯ. ಹೋಗಿ ನಿಮ್ಮ ಯಜಮಾನ್ರಿಗೆ ಹೇಳು, ಗೌಡ್ರು ಸುಳ್ಳು ಹೇಳಿದ್ರು ಅಂತ. ಎರಡು ಗಾಡಿದೂ ಬ್ರೇಕ್ ಚೆನ್ನಾಗಿದೆ."