ಬೀಳುವವನಿಗೆ ಗೊತ್ತಿದ್ದದ್ದು

ಕೋಚ್ ಆದವನಿಗೆ ಸೊಂಟ ಹೋದರೆ ಬಾಯಿ ಬೆಳೆಯುತ್ತದೆ. ಮೈಯಿಂದ ಮಾಡಿ ತೋರಿಸುತ್ತಿದ್ದದ್ದನ್ನೆಲ್ಲ ಮಾತಿನಲ್ಲಿ ಹೇಳಬೇಕಾಗುತ್ತದೆ. ಮಾತು ನಾಟದಿದ್ದಾಗ ಕೂಗಬೇಕಾಗುತ್ತದೆ. ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕುಸ್ತಿ ಹಾಲಿನಿಂದ ಸಂಜೆ ಹೊತ್ತು ಕೇಳಿಬರುತ್ತಿದ್ದ ಆರ್ಭಟಕ್ಕೆ, ಕೆಳಗೆ ಪಂಕ್ಚರ್ ಹಾಕಿಸಿಕೊಳ್ಳಲು ಬಂದವರು ಬೆಚ್ಚಿ ತಲೆಯೆತ್ತುತ್ತಿದ್ದರು.

"ಬಿಡಬೇಡ! ಬಿಡಬೇಡ ಅಂದ್ನಲ್ಲ! ಹಿಡಿ!"

"ಯಾರನ್ನೂ ಕೊಲ್ತಿಲ್ಲ ಸಾರ್, ಕೂತ್ಕೊಳ್ಳಿ," ಎಂದು ಟೈರು ಅಂಗಡಿಯವನು ಸಮಾಧಾನ ಹೇಳುತ್ತಿದ್ದ. "ಉಡ ಪಾಠ ಮಾಡ್ತಿದಾನೆ."

ಉಡ ಎಂದರೆ ಕೋಚ್. ಹರೆಯದಲ್ಲಿ ಫ್ರೀಸ್ಟೈಲ್ ಕುಸ್ತಿಯಲ್ಲಿ ದೇಶದ ಚಾಂಪಿಯನ್ ಆಗಿದ್ದವನು. ಎದುರಾಳಿಯ ತೋಳು ಒಮ್ಮೆ ಅವನ ಕೈಗೆ ಸಿಕ್ಕಿತೆಂದರೆ ಆಟ ಮುಗಿಯಿತು ಎಂದೇ ಲೆಕ್ಕ. ಆ ತೋಳನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, ಚಕ್ಕನೆ ಬೆನ್ನು ತಿರುಗಿಸಿ, ಎದುರಿದ್ದವನನ್ನು ಸೊಂಟದ ಮೇಲಿಂದ ಹಾಯಿಸಿ ಮ್ಯಾಟಿನ ಮೇಲೆ ಅಂಗಾತ ಕೆಡವುತ್ತಿದ್ದ. ಪತ್ರಿಕೆಯೊಂದು ಅದನ್ನು ಉಡದ ಪಟ್ಟು ಎಂದು ಬರೆಯಿತು. ಹೆಸರು ಅಂಟಿಕೊಂಡಿತು. ಮದುವೆಯ ದಿನ ಹೆಂಡತಿಯ ಅಣ್ಣಂದಿರು ಕೂಡ ಹಾಗೆಯೇ ಕರೆದು ಕೀಟಲೆ ಮಾಡಿದ್ದರು.

ಕೋಚ್ ಆದಮೇಲೆ ಆ ತೋಳೆಸೆತವನ್ನು ಅವನು ಎಷ್ಟೋ ಮಂದಿಗೆ ಕಲಿಸಲು ನೋಡಿದ. ಉಳಿದ ಪಟ್ಟುಗಳೆಲ್ಲ ಬಂದವು, ಇದೊಂದು ಮಾತ್ರ ಯಾರಿಗೂ ಒಲಿಯಲಿಲ್ಲ. ಅದು ಅವನ ಕೈಗೇ ಹುಟ್ಟಿದ್ದು, ಕಲಿಸಿದರೆ ಬರುವಂಥದ್ದಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಒಳಗೊಳಗೇ ಹಿತವಾಗಿಯೂ ಇತ್ತು. ಈ ವರ್ಷ ಮಾತ್ರ ಹಿತವಾಗಲಿಲ್ಲ, ಏಕೆಂದರೆ ತಂಗಿಯ ಮಗಳಿಗೆ ಆ ಪಟ್ಟು ಬೇಕೇಬೇಕಿತ್ತು.

ತಂಗಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಸಹಾಯಕಿ. ಮಗಳಿಗೂ ಅಲ್ಲೇ ಒಂದು ತರಬೇತಿಗೆ ಸೀಟು ಹಿಡಿದಿಟ್ಟಿದ್ದಳು. ಈ ಸಲದ ಆಯ್ಕೆ ಪಂದ್ಯದಲ್ಲಿ ಗೆದ್ದರೆ ಹುಡುಗಿ ರಾಷ್ಟ್ರೀಯ ಶಿಬಿರಕ್ಕೆ ಹೋಗಬಹುದು, ಸೋತರೆ ಕುಸ್ತಿಗೆ ಕೈಮುಗಿದು ಬಿಳಿ ಕೋಟು ತೊಡಬೇಕು. ತಾಯಿ ಮಗಳ ನಡುವೆ ಆದ ಒಪ್ಪಂದ ಅದು.

"ನೀನು ಗೆದ್ದೆ ಅಣ್ಣ, ಸರಿ," ಎಂದಿದ್ದಳು ತಂಗಿ. "ನಿನ್ ಜೊತೆ ಬೆವರು ಸುರಿಸ್ದೋರು ಎಷ್ಟು ಜನ ಏನೂ ಸಿಗದೆ ಮಂಡಿ ಮುರ್ಕೊಂಡು ಮನೆಗೆ ಹೋದ್ರು, ಯಾವತ್ತಾದ್ರೂ ಯೋಚ್ನೆ ಮಾಡಿದ್ಯಾ?"

ಅವನು ಯೋಚನೆ ಮಾಡಿರಲಿಲ್ಲ. 

ಹುಡುಗಿಯ ದಾರಿಗೆ ಅಡ್ಡ ನಿಂತವಳು ಇನ್ನೊಂದು ಕ್ಲಬ್ಬಿನ ಹುಡುಗಿ. ನೀಳ ತೋಳಿನವಳು. ದೂರದಿಂದಲೇ ಕೈ ಚಾಚಿ ಕಾಲು ಹಿಡಿದು ಒಂದೊಂದೇ ಅಂಕ ಕದಿಯುತ್ತಿದ್ದಳು. ಹಿಂದೆ ಎರಡು ಸಲ ಇವಳನ್ನು ಹಾಗೆಯೇ ಸೋಲಿಸಿದ್ದಳು. ಅಷ್ಟು ಉದ್ದದ ಕೈಯವಳನ್ನು ಅವಳ ಕೈಯನ್ನೇ ಹಿಡಿದು ಎಸೆಯದೆ ಬೇರೆ ದಾರಿಯಿರಲಿಲ್ಲ.

ಒಂದು ಸಂಜೆ ಹಾಲಿನಲ್ಲಿ ಜೊತೆಗೆ ಕಲಿಯುವ ಬೇಕರಿಯವನ ಮಗಳು ಅಭ್ಯಾಸಕ್ಕೆ ಜೋಡಿಯಾಗಿ ನಿಂತಿದ್ದಳು. ತಂಗಿಯ ಮಗಳು ಅವಳ ತೋಳನ್ನು ಅಪ್ಪಿದಳು, ತಿರುಗಿದಳು, ಎಳೆದಳು. ಬೇಕರಿಯವನ ಮಗಳು ಹಿಂದಕ್ಕೆ ಕೂತು ಬಂಡೆಯಾದಳು.

"ಬಿಡಬೇಡ! ಇನ್ನೂ ಗಟ್ಟಿ!"

"ಕೋಚ್, ಇದಕ್ಕಿಂತ ಗಟ್ಟಿ ಹಿಡಿದ್ರೆ ಅವಳ ಕೈ ನನ್ ಹತ್ರನೇ ಉಳ್ಕೊಳ್ಳುತ್ತೆ."

"ಸರಿಯಾಗಿ ಹಿಡಿದಿದ್ರೆ ಅವಳು ಬಿದ್ದಿರಬೇಕಿತ್ತು."

"ನಾನ್ಯಾಕೆ ಬೀಳ್ಲಿ?" ಎಂದಳು ಬೇಕರಿಯವನ ಮಗಳು, ತೋಳು ಉಜ್ಜಿಕೊಳ್ಳುತ್ತ. "ಹಿಡ್ಕೊಂಡು ಎಳೆದ್ರೆ ಯಾರಾದ್ರೂ ಹಿಂದಕ್ಕೇ ಹೋಗ್ತಾರೆ."

ತಂಗಿಯ ಮಗಳು ಮ್ಯಾಟಿನ ಮೇಲೆ ಕುಕ್ಕರಿಸಿದಳು. ಹಾಲಿನಲ್ಲಿ ಕೋಚ್ ಎನ್ನಬೇಕು, ಮನೆಯಲ್ಲಿ ಮಾತ್ರ ಮಾವ ಎನ್ನಬೇಕು ಎಂಬುದು ಅಲ್ಲಿನ ಶಿಸ್ತು. ಸುಸ್ತಿನಲ್ಲಿ ಅವಳಿಗೆ ಅದು ಮರೆತುಹೋಯಿತು. "ಮಾವ, ನಿಮ್ಮ ಕೈಲಿ ದಿನಾ ಬೀಳ್ತಿದ್ದೋರು ಯಾರು? ಅವರು ಹೇಗೆ ಬೀಳ್ತಿದ್ರು?"

ಕೋಚ್‌ಗೆ ಒಂದು ಮುಖ ನೆನಪಾಯಿತು. ಬೀಳುತ್ತಿದ್ದವನ ಹೆಸರು ಹಾಸಿಗೆ.

ಟೈರಿನ ವಾಸನೆ ಬರುವ ಮುಂಚೆ ಆ ಮಹಡಿಗೆ ಮರದ ಹೊಟ್ಟಿನ ವಾಸನೆ ಇತ್ತು. ಈಗಿನ ರಬ್ಬರ್ ಮ್ಯಾಟ್ ಆಗ ಎಲ್ಲಿ? ಹೊಟ್ಟು ತುಂಬಿದ ಕ್ಯಾನ್ವಾಸ್ ಚೀಲಗಳನ್ನು ಹಗ್ಗದಿಂದ ಬಿಗಿದು, ಮೇಲೊಂದು ಲಾರಿ ಟಾರ್ಪಾಲು ಎಳೆದಿದ್ದರು. ಅದರ ಮೇಲೆ ಇವನು ಕೆಡವಿದ್ದು, ಅವನು ಬಿದ್ದದ್ದು. ಇಡೀ ಯೌವನ ಹಾಗೆಯೇ ಕಳೆಯಿತು. ಸದಾ ಕೆಳಗಿರುವವನು ಎಂದು ಹುಡುಗರು ಅವನಿಗೆ ಹಾಸಿಗೆ ಎಂದು ಹೆಸರಿಟ್ಟರು. ಅವನು ಸಿಟ್ಟಾಗಲಿಲ್ಲ. "ನಾನಿಲ್ದಿದ್ರೆ ಇವನು ನೆಲದ ಮೇಲೆ ಮಲಗ್ತಿದ್ದ," ಎಂದು ನಗುತ್ತಿದ್ದ. ಪಂದ್ಯಗಳಿಗೆ ಹೋಗುವಾಗ ರೈಲಿನ ಮೇಲಿನ ಬರ್ತಿನಲ್ಲಿ ಇವನು ಕಾಲು ಚಾಚಿದರೆ, ಕೆಳಗೆ ಅವನು ಇಬ್ಬರ ಬೂಟನ್ನೂ ತಲೆಯ ಕೆಳಗಿಟ್ಟು ಮಲಗುತ್ತಿದ್ದ. ತೂಕ ಇಳಿಸಲು ಇವನು ನೀರನ್ನೂ ಮುಟ್ಟದೆ ಒಣಗುತ್ತಿದ್ದಾಗ ಅವನು ಎದುರಿಗೇ ಕೂತು ಐಸ್‌ಕ್ರೀಮ್ ನೆಕ್ಕುತ್ತ, "ಆಹಾ, ಚಾಂಪಿಯನ್ ಆಗದೇ ಇರೋದ್ರಲ್ಲಿ ಏನು ಸುಖ ಗೊತ್ತಾ?" ಎನ್ನುತ್ತಿದ್ದ. ಇವನಿಗೆ ನಗು ಬಂದು ಒಣ ತುಟಿ ಒಡೆದು ರಕ್ತ ಬರುತ್ತಿತ್ತು. ದೇಶದ ಪದಕ ಗೆದ್ದ ದಿನ ಜನ ಇವನನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತಂದರು. ಅಷ್ಟು ಎತ್ತರದಿಂದ ಇವನು ಅವನನ್ನು ಹುಡುಕಿದ್ದ. ಎಲ್ಲರ ಹಿಂದೆ, ಇವನ ಚೀಲ ಹೊತ್ತು, ಬಾಯಿಗೆ ಕೈಯಿಟ್ಟು ಶಿಳ್ಳೆ ಹೊಡೆಯುತ್ತಿದ್ದ.

ಆಮೇಲೆ ಜಗಳವೇನೂ ಆಗಲಿಲ್ಲ. ಇವನಿಗೆ ಕೆಲಸ, ಸನ್ಮಾನ, ಪ್ರವಾಸ. ಅವನಿಗೆ ಮಾವನ ಸೋಫಾ ರಿಪೇರಿ ಅಂಗಡಿ. ಒಂದೇ ಊರಿನಲ್ಲಿದ್ದೂ ಎದುರಾದರೆ ಕೈ ಬೀಸುವಷ್ಟಕ್ಕೆ ಸ್ನೇಹ ಬಂದು ನಿಂತಿತ್ತು.

ಮರುದಿನ ಬೆಳಿಗ್ಗೆ ಕೋಚ್ ಕೋಲೂರಿಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದ. ಒಳಗೆ ಹೊಟ್ಟೆ ಸೀಳಿದ ಸೋಫಾಗಳು ಸ್ಪ್ರಿಂಗು ತೋರಿಸುತ್ತ ಬಿದ್ದಿದ್ದವು. ಅಂಟಿನ ಡಬ್ಬಿ, ಸ್ಪಂಜಿನ ಚೂರು, ಬಟ್ಟೆಯ ಸುರುಳಿಗಳ ನಡುವೆ ಹಾಸಿಗೆ ಮಂಡಿಯೂರಿ ಕೂತು ಕುರ್ಚಿಯೊಂದಕ್ಕೆ ಮೊಳೆ ಹೊಡೆಯುತ್ತಿದ್ದ. ತುಟಿಯ ನಡುವೆ ಸಣ್ಣ ಮೊಳೆಗಳ ಸಾಲಿತ್ತು.

"ಏನು, ದಾರಿ ತಪ್ಪಿ ಬಂದ್ಯಾ?" ಎಂದ ಮೊಳೆಗಳ ಸಂದಿನಿಂದ.

"ಸೋಫಾ ರಿಪೇರಿ ಇತ್ತು."

"ಎಲ್ಲಿ?"

ಕೋಚ್ ತನ್ನ ಸೊಂಟ ತಟ್ಟಿಕೊಂಡ. ಹಾಸಿಗೆ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ನಕ್ಕ. "ಅದಕ್ಕೆ ಸ್ಟೀಲು ಹಾಕಿದಾರಂತೆ, ಕೇಳ್ದೆ. ಸ್ಪಂಜು ಹಾಕಿಸ್ಬೇಕಿತ್ತು. ಕೂತ್ಕೋ. ಅದ್ರ ಮೇಲೆ ಬೇಡ, ಅದಕ್ಕಿನ್ನೂ ಕಾಲಿಲ್ಲ."

ಹುಡುಗಿಯ ಸಂಗತಿ, ನೀಳ ತೋಳಿನವಳ ಸಂಗತಿ, ತಂಗಿಯ ಒಪ್ಪಂದ ಎಲ್ಲವನ್ನೂ ಕೋಚ್ ಹೇಳಿದ. "ಹಿಡಿತ ಸಾಲ್ತಿಲ್ಲ ಕಣೋ ಅವಳಿಗೆ. ನೀನು ಒಂದು ಸಲ ಬಂದು ಹಿಡಿಸ್ಕೊಂಡು ನೋಡಿದ್ರೆ, ಎಲ್ಲಿ ಸಡಿಲ ಇದೆ ಅಂತ ಹೇಳ್ಬೋದು."

"ಸಡಿಲ ಮಾಡೋದು ಯಾವಾಗ ಅಂತ ಹೇಳ್ಕೊಟ್ಟಿದ್ಯಾ?"

"ಏನು ಸಡಿಲ ಮಾಡೋದು?"

"ಅದೇ, ಬಿಡ್ತಿದ್ಯಲ್ಲ. ತಿರುಗೋಕೆ ಮುಂಚೆ."

"ನಾನು ಬಿಡ್ತಿದ್ನಾ? ತಲೆ ಕೆಟ್ಟಿದ್ಯಾ ನಿಂಗೆ? ಜನ ನನ್ನ ಉಡ ಅಂತ ಕರೀತಾರೆ."

"ಜನ ಕರೀತಾರೆ. ಬಿದ್ದೋನು ನಾನು." ಹಾಸಿಗೆ ಎದ್ದು ಬಂದು ಬಲಗೈ ಚಾಚಿದ. "ಹಿಡಿ."

ಕೋಚ್ ಕೋಲು ಬದಿಗಿಟ್ಟು ಆ ತೋಳನ್ನು ಅಪ್ಪಿಕೊಂಡ. ತೋಳು ತೆಳ್ಳಗಾಗಿತ್ತು, ಅಂಟಿನ ವಾಸನೆ ಬರುತ್ತಿತ್ತು, ಆದರೂ ಗುರುತಿನದೇ. ಮೈ ತಾನಾಗಿ ಬಗ್ಗಿತು. ಭುಜದಿಂದ ಒತ್ತಿದ; ಹಾಸಿಗೆ ಹಿಂದಕ್ಕೆ ಕೂತ. ತಿರುಗಲು ಮನಸ್ಸು ಸಿದ್ಧವಾದ ಕ್ಷಣದಲ್ಲಿ ಕೈಬೆರಳುಗಳು ಹೂವಿನಂತೆ ಅರಳಿ ಮತ್ತೆ ಮುಚ್ಚಿಕೊಂಡವು.

"ಬಿಟ್ಟೆ," ಎಂದ ಹಾಸಿಗೆ.

"ಬಿಟ್ಟಿಲ್ಲ!"

"ಮತ್ತೆ ಹಿಡಿ. ಹಾಂ... ಈಗ. ಬಿಟ್ಟೆ."

"ನಿನ್ನ ಕೈ ಜಾರಿದ್ದು ಅದು!"

"ಹಾಗೇ ಅಂದ್ಕೊಳ್ತಿದ್ದೆ ನಾನೂ. ಅಬ್ಬ, ಕೈ ತಪ್ಪಿಸ್ಕೊಂಡೆ, ಇವತ್ತು ಇವನ ಕಾಲು ಹಿಡೀತೀನಿ ಅಂತ ಮುಂದೆ ನುಗ್ತಿದ್ದೆ. ನುಗ್ಗೋಷ್ಟ್ರಲ್ಲಿ ಚಾವಣಿ ಕಾಣಿಸ್ತಿತ್ತು. ನನ್ ಭಾರ ನಾನೇ ತಂದು ನಿನ್ ಬೆನ್ನ ಮೇಲೆ ಹಾಕ್ತಿದ್ದೆ ಮಾರಾಯ. ನೀನು ಎತ್ತಿದ್ದು ಅಂತ ಏನೂ ಇಲ್ಲ."

ಒಳಗಿನ ಬಾಗಿಲಿನಿಂದ ಹಾಸಿಗೆಯ ಹೆಂಡತಿ ಇಣುಕಿದಳು. ಇಬ್ಬರು ಮುದುಕರು ಸೋಫಾ ಸ್ಪ್ರಿಂಗುಗಳ ನಡುವೆ ಅಪ್ಪಿಕೊಂಡು ಏದುಸಿರು ಬಿಡುತ್ತಿದ್ದರು. "ಏನ್ರೀ ಇದು? ಗಿರಾಕಿ ಜೊತೆ ಕೈ ಕೈ ಮಿಲಾಯಿಸ್ತಿದೀರಾ?"

"ಗಿರಾಕಿ ಅಲ್ಲ ಕಣೇ, ಹಳೇ ಬಾಕಿ. ಟೀ ಇಡು."

ಕೋಚ್ ಟೀಗೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವನ ಮುಖ ಕೆಂಡವಾಗಿತ್ತು. ಬದುಕಿಡೀ ಯಾವುದಕ್ಕೆ ಹೆಸರು ಪಡೆದಿದ್ದನೋ ಅದು ತನ್ನದಲ್ಲ ಎಂದು ಹೇಳಿಸಿಕೊಂಡರೆ ಯಾರಿಗೆ ತಾನೇ ಸೇರೀತು? ಬಿಡಬೇಡ, ಬಿಡಬೇಡ ಎಂದು ಅಷ್ಟು ಮಂದಿಯ ಕಿವಿಯಲ್ಲಿ ತುಂಬಿದ್ದನಲ್ಲ. ಅವರೆಲ್ಲ ತನ್ನ ಮಾತು ಕೇಳಿಯೇ ಕೆಟ್ಟಿದ್ದರು. ಸಿಗ್ನಲ್ ಕಂಬ ಹಿಡಿದು ನಿಂತು ಕೈ ಬಿಗಿದು ನೋಡಿದ, ಸಡಿಲಿಸಿ ನೋಡಿದ. ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ಮಗುವನ್ನು ಆಚೆ ಎಳೆದುಕೊಂಡಳು. ಕೊನೆಗೆ ಅವನ ಹೆಮ್ಮೆಗಿಂತ ತಂಗಿಯ ಮಗಳೇ ಭಾರವಾದಳು. ಬಂದ ದಾರಿಯಲ್ಲೇ ತಿರುಗಿ ಹೋಗಿ ಅಂಗಡಿಯ ಹೊರಗೆ ನಿಂತು ಕೂಗಿದ:

"ಸಂಜೆ ಬರ್ತೀಯೇನೋ?"

"ಟೀ ಆರಿಹೋಯ್ತು ಬಾ," ಎಂದಿತು ಒಳಗಿನ ದನಿ.

ಹಾಲಿನಲ್ಲಿ ಹಾಸಿಗೆ ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟು, ಪ್ಯಾಂಟು ಮಡಚಿ, ಮ್ಯಾಟನ್ನು ಬೆರಳಿನಿಂದ ಒತ್ತಿ ನೋಡಿದ. "ಒಳ್ಳೇ ಫೋಮು," ಎಂದ. ತೋಳನ್ನು ಹುಡುಗಿಯ ಕೈಗೆ ಕೊಟ್ಟ. ಬಿಗಿ, ಒತ್ತು, ಸಡಿಲಿಸು, ತಿರುಗು. ಅವಳ ಕೈ ಸಡಿಲವಾಗಲು ಒಪ್ಪಲಿಲ್ಲ. ಎಷ್ಟೋ ವರ್ಷದ ಬೈಗುಳ ಬೆರಳಿಗೆ ಇಳಿದಿತ್ತು. "ನನ್ನ ನಂಬಿಸ್ಬೇಕಮ್ಮ, ತಪ್ಪಿಸ್ಕೊಂಡೆ ಅಂತ ನಂಗೆ ಖುಷಿ ಆಗ್ಬೇಕು," ಎಂದು ಅವನು ಮತ್ತೆ ಮತ್ತೆ ಹೇಳಿದ. ಒಮ್ಮೆ ಅವಳು ಬೇಸತ್ತು ನಿಜವಾಗಿಯೂ ಕೈ ಬಿಟ್ಟಳು. ಹಾಸಿಗೆ ಮುಂದೆ ನುಗ್ಗಿದ, ಅವಳು ತಟ್ಟನೆ ಮತ್ತೆ ಹಿಡಿದು ತಿರುಗಿದಳು; ಮರುಕ್ಷಣ ಅವನು ಗಾಳಿಯಲ್ಲಿದ್ದ. ಗದ್ದ ಎದೆಗೊತ್ತಿ, ಅಂಗೈಯಿಂದ ಮ್ಯಾಟು ಬಡಿದು, ನಲವತ್ತು ವರ್ಷ ಚಿಕ್ಕವನಂತೆ ಬಿದ್ದ. ಅಂಗಾತ ಮಲಗಿ ಚಾವಣಿ ನೋಡುತ್ತ ಹೇಳಿದ: "ಹಾಂ. ಅದೇ ಹಳೇ ಬಲ್ಬು."

ಕೋಚ್ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಆಯ್ಕೆ ಪಂದ್ಯದ ದಿನ ನೀಳ ತೋಳಿನವಳು ಎಂದಿನಂತೆಯೇ ಆಡಿದಳು. ದೂರ ನಿಲ್ಲುವುದು, ಕಾಲಿಗೆ ಕೈ ಹಾಕುವುದು, ಅಂಕ ತೆಗೆದುಕೊಂಡು ಓಡುವುದು. ಮೊದಲ ಅವಧಿ ಮುಗಿದಾಗ ತಂಗಿಯ ಮಗಳು ಹಿಂದಿದ್ದಳು. ಗ್ಯಾಲರಿಯಲ್ಲಿ ತಂಗಿ ಕೆಲಸದ ಕೋಟಿನಲ್ಲೇ ಬಂದು ಕೂತಿದ್ದಳು. ಮಗಳು ಸೋಲಲಿ ಎಂದು ಬಂದಿದ್ದಳೋ ಗೆಲ್ಲಲಿ ಎಂದೋ ಅವಳಿಗೇ ಗೊತ್ತಿರಲಿಲ್ಲ.

ಮೂಲೆಯ ಕುರ್ಚಿಗಳಲ್ಲಿ ಕೋಚ್, ಪಕ್ಕದಲ್ಲಿ ಹಾಸಿಗೆ. ಕೊನೆಯ ನಿಮಿಷದಲ್ಲಿ ಹುಡುಗಿಗೆ ಆ ಉದ್ದದ ತೋಳು ಸಿಕ್ಕಿತು. ಅವಳು ಅಪ್ಪಿ ಹಿಡಿದಳು. ಹಳೆಯ ಪ್ರೇಕ್ಷಕರು ಕೋಚ್ ಕಡೆ ನೋಡಿದರು, ಈಗ ಕೂಗುತ್ತಾನೆ ಎಂದು. ಕೂಗು ಅವನ ಗಂಟಲಿಗೆ ಬಂದೂ ಆಗಿತ್ತು. ಅವನು ಟವೆಲನ್ನು ಬಾಯಿಗೆ ತುರುಕಿಕೊಂಡು ಕಚ್ಚಿದ.

ಹುಡುಗಿಯ ಬೆರಳು ಸಡಿಲವಾಯಿತು. ನೀಳ ತೋಳಿನವಳ ಮುಖದ ಮೇಲೆ ಖುಷಿಯ ಒಂದು ಎಳೆ ಹಾದುಹೋಯಿತು. ಅವಳು ಮುಂದೆ ನುಗ್ಗಿದಳು. ಆಮೇಲೆ ಅವಳ ಎರಡೂ ಭುಜ ಮ್ಯಾಟಿಗೆ ಅಂಟಿದ್ದವು. ರೆಫ್ರಿ ಅಂಗೈಯಿಂದ ನೆಲ ಬಡಿದ.

ಗದ್ದಲ, ಶಿಳ್ಳೆ. ತಂಗಿ ಮೆಟ್ಟಿಲಿಳಿದು ಓಡಿಬಂದು ಮಗಳನ್ನು ಅಪ್ಪಿ, ಅಳುತ್ತಲೇ ಬೈಯುತ್ತಿದ್ದಳು. ಕೋಚ್ ಬಾಯಿಂದ ಟವೆಲು ತೆಗೆದು, ಹಾಸಿಗೆಯ ಕೈ ಹಿಡಿದು ಮೇಲೆತ್ತಬೇಕೆಂದು ಪಕ್ಕಕ್ಕೆ ತಿರುಗಿದ. ಕುರ್ಚಿ ಖಾಲಿಯಿತ್ತು.

ಹಾಸಿಗೆ ಹಾಲಿನ ಆ ಕಡೆ, ಬೆಂಚಿನ ಮೇಲೆ ಭುಜಕ್ಕೆ ಐಸು ಒತ್ತಿಕೊಂಡು ಕೂತಿದ್ದ ನೀಳ ತೋಳಿನವಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವಳ ಹತ್ತಿರ ಬೇರೆ ಯಾರೂ ಇರಲಿಲ್ಲ.

"ಚೆನ್ನಾಗಿ ಬಿದ್ದೆ ಮಗಳೇ. ಕತ್ತು ಉಳಿಸ್ಕೊಂಡೆ. ಏನನ್ನಿಸ್ತು?"

"ಕೈ ತಪ್ಪಿಸ್ಕೊಂಡೆ ಅಂದ್ಕೊಂಡೆ," ಎಂದಳು ಅವಳು ಬಿಕ್ಕುತ್ತ.

"ಹೂಂ. ಹಾಗೇ ಅನ್ಸುತ್ತೆ. ಮುಂದಿನ ಸಲ ಖುಷಿ ಆದ ತಕ್ಷಣ ಹೆಜ್ಜೆ ಇಡ್ಬೇಡ. ಒಂದು ಉಸಿರು ತಡಿ."

"ಲೇ!" ಹಿಂದಿನಿಂದ ಕೋಲು ಊರುತ್ತ ಬಂದ ಕೋಚ್ ಗದರಿದ. "ಅವಳು ನಮ್ಮ ಎದುರಾಳಿ ಕಣೋ! ಇವಳಿಗೆ ಗುಟ್ಟು ಹೇಳ್ಕೊಡ್ತಿದ್ಯಾ?"

"ಗುಟ್ಟು ನಿಂದಾ ನಂದಾ?"

 ಕೋಚ್ ಬೆಂಚಿನ ತುದಿಯಲ್ಲಿ, ಆ ಹುಡುಗಿಯ ಪಕ್ಕಕ್ಕೆ ಸ್ಟೀಲಿನ ಸೊಂಟವನ್ನು ನಿಧಾನವಾಗಿ ಇಳಿಸಿ ಕೂತ. ಅತ್ತ ಅವನ ಹೆಸರು ಹಿಡಿದು ಫೋಟೋಗೆ ಕರೆಯುತ್ತಿದ್ದರು. ಕೈ ಬೀಸಿ, "ಆಮೇಲೆ," ಎಂದ.

"ಒಂದು ಕೇಳ್ಲಾ ಮಗಳೇ?" ಎಂದ, ದನಿ ತಗ್ಗಿಸಿ. "ನುಗ್ಗುವಾಗ ಮೊದಲು ಯಾವ ಕಾಲು ಇಟ್ಟೆ, ಎಡದ್ದೋ ಬಲದ್ದೋ?"