ಸಮುದ್ರದ ಕಿವಿ

ನೆರೆಮನೆಯ ರಂಗೂಬಾಯಿ ಅರಳೆಯ ಉಂಡೆಯನ್ನು ಹೆಣದ ಎಡಗಿವಿಗೆ ಒತ್ತುತ್ತಲೇ ಇದ್ದಳು. ಮೂಗಿನದು, ಬಲಗಿವಿಯದು ಸಲೀಸಾಗಿ ಮುಗಿದಿತ್ತು. ಇದೊಂದು ಮಾತ್ರ ಒಳಗೆ ಹೋಗಲೊಲ್ಲದು.

"ಈ ಕಿವ್ಯಾಗ ಜಾಗಾನ ಇಲ್ಲಲ್ಲವಾ ಗೋದಾ. ಹೋಗವಲ್ದು ನೋಡು."

"ಮ್ಯಾಲ ಇಟ್ಟುಬಿಡ್ರಿ ರಂಗೂಬಾಯಿ," ಅಂದಳು ಗೋದೆಯ ತಂಗಿ ಇಂದೂ. "ಇಷ್ಟು ವರ್ಷದಿಂದ ಎರಡೂ ಬಂದ್ ಇದ್ದಾವ. ಸುಮ್ನ ಅರಳಿ ಯಾಕ ಹಾಳು ಮಾಡ್ತೀರಿ?"

ಗೋಡೆಗೆ ಒರಗಿ ಕೂತ ಹೆಂಗಸರಲ್ಲಿ ಯಾರೋ ಕೆಮ್ಮಿದ ಹಾಗೆ ಮಾಡಿದರು. ಗೋದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಾಪ, ದುಃಖ ಉಕ್ಕಿತು ಎಂದುಕೊಂಡರು ಎಲ್ಲರೂ. ಉಕ್ಕಿದ್ದು ನಗು.

ಕೆಳಗೆ ವಾಡೆಯ ಅಂಗಳದಲ್ಲಿ ಮೈದುನ ಶ್ಯಾಮ ಚಟ್ಟ ಕಟ್ಟಿಸುತ್ತಿದ್ದ. "ದೋರಿ ಆಣಾ ರೇ, ದೋರಿ!" ಎಂದು ಹಗ್ಗಕ್ಕಾಗಿ ಯಾರ ಮೇಲೋ ಮರಾಠಿಯಲ್ಲಿ ರೇಗುತ್ತಿದ್ದ. ಬಿಸಿಲೇರುವ ಮೊದಲು ಓಂಕಾರೇಶ್ವರದ ಸುಡುಗಾಡಿನ ಘಾಟು ಮುಟ್ಟಬೇಕಿತ್ತು.

*

ಗೋದೆಯ ಗಂಡ ಮಾರ್ತಾಂಡ ಖಡಕಿಯ ಕಡೆಗಿದ್ದ ಒಂದು ಸಣ್ಣ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಸಮುದ್ರದ ತಳಕ್ಕೆ ಇಳಿಬಿಡುವ ಕಬ್ಬಿಣದ ಡಬ್ಬಿಗಳನ್ನು ಮಾಡುತ್ತಿದ್ದರು. ಮುಂಬಯಿಯಾಚೆ ನೀರಿನಲ್ಲಿ ಮದ್ದು ಸಿಡಿಸಿದರೆ ಸದ್ದು ಕೆಸರನ್ನು ತೂರಿ, ಅಡಿಯ ಬಂಡೆಗೆ ಬಡಿದು ಹಿಂದಿರುಗುತ್ತದೆ. ತಳದಲ್ಲಿ ಕೂತ ಡಬ್ಬಿ ಅದನ್ನು ಕೇಳಿ ತಂತಿಯಲ್ಲಿ ದೋಣಿಗೆ ಕಳಿಸುತ್ತದೆ. ಬಂಡೆಯ ಆಳ ಅದರಿಂದ ತಿಳಿಯುತ್ತದೆ. "ಅದು ಸಮುದ್ರದ ಕಿವಿ" ಎಂದು ಮದುವೆಯ ಹೊಸದರಲ್ಲಿ ಅವನು ಗೋದೆಗೆ ಹೇಳಿದ್ದ. ಅವಳು ಆಕಳಿಸಿದ್ದಳು.

ಹೊಸ ಡಬ್ಬಿಗಳನ್ನು ಮೊದಲು ಕಲ್ಲುಗಣಿಯ ಹೊಂಡದಲ್ಲಿ ಇಳಿಸಿ ಪರೀಕ್ಷಿಸಬೇಕು. ಒಂದು ದಿನ ನಿಶಾನೆ ತೋರಿಸುವ ಮೊದಲೇ ಮದ್ದು ಸಿಡಿದು, ಹತ್ತಿರ ಬಗ್ಗಿ ನಿಂತಿದ್ದ ಮಾರ್ತಾಂಡನ ಎರಡೂ ಕಿವಿಗಳಿಂದ ರಕ್ತ ಬಂದು ಕೇಳಿಸುವುದೇ ನಿಂತಿತು. ಆಮೇಲೆ ಅವನಿಗೆ ಸಿಕ್ಕಿದ್ದು ಕಡಿಮೆ ಪಗಾರದ ಕೆಲಸ: ಡಬ್ಬಿಗೆ ತಂತಿ ಹೊಗುವ ತೂತನ್ನು ಕೆಂಪು ಮೇಣದಲ್ಲಿ ನಾದಿದ ಅರಳೆಯಿಂದ ಬಿಗಿಯುವುದು. ಹನಿ ನೀರು ಹೊಕ್ಕರೂ ಡಬ್ಬಿ ಕಿವುಡಾಗುತ್ತದೆ.

ಗೋದಾ ಮತ್ತು ಇಂದೂ ಒಂದು ಆಟ ಕಂಡುಕೊಂಡಿದ್ದು ಆಗಲೇ. ಮುಖದ ತುಂಬ ನಗು ಇಟ್ಟುಕೊಂಡು, ಎಲೆಗೆ ತುಪ್ಪ ಬಡಿಸುತ್ತ, ಬಾಯಿಗೆ ಬಂದದ್ದನ್ನು ಅವನಿಗೆ ಅನ್ನುವುದು. ಅವನು ತಲೆಯಾಡಿಸಿ ನಗುತ್ತಿದ್ದ. ಅದನ್ನು ಕಂಡು ಅಕ್ಕತಂಗಿಯರಿಗೆ ಮತ್ತೂ ನಗು.

*

ಚಟ್ಟ ಸಿದ್ಧವಾಗುವ ಹೊತ್ತಿಗೆ ಒಬ್ಬ ಕಪ್ಪಗಿನ ಗಟ್ಟಿ ಆಳು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು ಕೈಮುಗಿದ.

"ನಾನು ಸಂಕಪ್ಪ, ಅಮ್ಮ. ಮಂಗಳೂರು ಕಡೆಯವ. ರಾಯರ ಡಬ್ಬಿಗಳನ್ನು ಸಮುದ್ರಕ್ಕೆ ಬಿಡುವುದು ನಾನೇ. ಡಬ್ಬಿ ಕೊಂಡುಹೋಗ್ಲಿಕ್ಕೆ ಬಂದವನಿಗೆ ಸುದ್ದಿ ಸಿಕ್ಕಿತು." ಕಣ್ಣೊರೆಸಿಕೊಂಡ. "ಹೋದ ಸಲ ಬಂದಾಗ ಅವರ ಬೆನ್ನ ಹಿಂದೆ ನಿಂತು ಒಂದು ತುಳು ಪದ ಗುನುಗಿದ್ದೆ. ಇನ್ನೊಮ್ಮೆ ಹೇಳೋ ಅಂದ್ರು ಮಾರಾಯ್ರೇ, ಇನ್ನೊಮ್ಮೆ!"

"ಕಿವುಡಗ ಪದಾ ಹಾಡಿದ್ರ್ಯಾ?" ಇಂದೂ ತುಟಿ ಕೊಂಕಿಸಿದಳು.

"ಕೇಳದ್ದು ಬಲಗಿವಿ ಅಲ್ವಾ? ಎಡದ್ದು ಸರಿಯಾಗಿ ಮೂರು ವರ್ಷ ಆಯ್ತಲ್ಲ." ಸಂಕಪ್ಪ ಎಲ್ಲರ ಮುಖ ನೋಡಿದ. "ಅಮ್ಮನಿಗೆ ಹೇಳ್ಬೇಕು ಅಂತ ಕಿವಿ ಸರಿಯಾದ ದಿನವೇ ಪೇಢೆ ಕಟ್ಟಿಸಿಕೊಂಡು ಓಡಿದ್ರು. ಮರುದಿನ ಕೇಳಿದೆ, ಮನೆಯಲ್ಲಿ ಏನು ಹೇಳಿದ್ರು ರಾಯರೇ ಅಂತ. 'ಭಾಳ ಹೇಳಿದಳಪಾ' ಅಂದ್ರು. ಅಷ್ಟೇ ಹೇಳಿ ಮೇಣ ನಾದ್ಲಿಕ್ಕೆ ಕೂತ್ರು."

ಇಂದೂ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು: "ಸುಳ್ಳು ಹೇಳ್ತಾನ ಬಿಡು."

"ಹಂಗಂದ್ರ ಪೇಢೆ ಸುದ್ದಿ ಅವಗ ಹ್ಯಾಂಗ ಗೊತ್ತು?" ಅಂದಳು ಗೋದಾ.

*

ಮೂರು ವರ್ಷದ ಹಿಂದಿನ ಆ ಸಂಜೆ ಅಕ್ಕತಂಗಿಯರು ಅಕ್ಕಿ ಆರಿಸುತ್ತ ಕೂತಿದ್ದರು. ಮಾರ್ತಾಂಡ ಪೇಢೆಯ ಪೊಟ್ಟಣ ಹಿಡಿದು ಓಡಿಬಂದವನಂತೆ ಏದುತ್ತ ಬಾಗಿಲಲ್ಲಿ ನಿಂತ. ಏನೋ ಹೇಳಲು ಬಾಯಿ ತೆರೆದಿದ್ದ.

ಗೋದಾ ನಗುನಗುತ್ತ ತಾನೇ ಮೊದಲು ಅಂದಳು: "ಬಂತು ನೋಡ ಇಂದೂ, ಹೆಣ. ಆ ಮದ್ದು ಕಿವಿ ಒಡಿಯೋ ಬದ್ಲಿ ತಲೀನ ಒಡದಿದ್ರ, ಇಷ್ಟೊತ್ತಿಗೆ ನಾ ಅವ್ವನ ಮನ್ಯಾಗ ಸುಖಾಗಿ ಇರ್ತಿದ್ದೆ."

ಮಾರ್ತಾಂಡನ ಬಾಯಿ ಹಾಗೇ ಮುಚ್ಚಿತು. "ಏನಂದಿ?" ಎಂದು ಕೇಳಿದ.

ಅವಳು ಕೈಕಾಲು ತೊಳೆಯುವ, ತುತ್ತು ಉಣ್ಣುವ ಸನ್ನೆ ಮಾಡಿ ತೋರಿಸಿದಳು. ಅವನು ತಲೆಯಾಡಿಸಿದ. ಇಬ್ಬರ ಕೈಗೂ ಒಂದೊಂದು ಪೇಢೆ ಇಟ್ಟು ಒಳಗೆ ಹೋದ.

ಮರುದಿನದಿಂದ ಸಂಜೆ ಮನೆಯೊಳಗೆ ಕಾಲಿಡುವ ಮೊದಲು ಅವನು ಮೆಟ್ಟಿಲ ಕತ್ತಲೆಯಲ್ಲಿ ಒಂದು ಗಳಿಗೆ ನಿಲ್ಲತೊಡಗಿದ. ಒಳಗೆ ಬಂದಾಗ ಬೆರಳ ತುದಿ ಕೆಂಪಗಿರುತ್ತಿತ್ತು. ಕಾರಖಾನೆಯ ಹೊಲಸು ಎಂದು ಗೋದಾ ಮೂಗು ಮುರಿಯುತ್ತಿದ್ದಳು, ನಗುತ್ತಲೇ.

*

"ವೈನಿ, ಬಾಯಿಗೆ ಅಕ್ಕಿ ಹಾಕ್ರಿ. ಹೊತ್ತಾತು," ಅಂದ ಶ್ಯಾಮ, ಅತ್ತಿಗೆಯ ಮುಂದೆ ಅಕ್ಕಿ ಹಿಡಿದು.

ಗೋದಾ ಬಗ್ಗಿದಳು. ಮೊನ್ನೆ ಮಾರ್ತಾಂಡ ಎದೆ ಹಿಡಿದುಕೊಂಡು ಇದೇ ಜಾಗದಲ್ಲಿ ಕೂತಿದ್ದ. ಅವಳು ನೀರಿನ ತಂಬಿಗೆ ಕೊಡುತ್ತ, ನಗುತ್ತ, "ಈ ಸಲನರ ಖರೇ ಹೋಗ್ತೀಯೇನು?" ಅಂದಿದ್ದಳು. ಅವನು ನೀರು ಕುಡಿದು ತಂಬಿಗೆ ಹಿಂದೆ ಕೊಟ್ಟಿದ್ದ.

ಅಕ್ಕಿ ಕೈಯಲ್ಲೇ ಉಳಿಯಿತು. ಎಡಗಿವಿಯ ಮೇಲೆ ಇಟ್ಟಿದ್ದ ಬಿಳಿ ಅರಳೆ ಕಿತ್ತು, ಬಾಯಿ ಹಚ್ಚಿ, ಯಾರಿಗೂ ಕೇಳದಂತೆ ಅಂದಳು: "ತಪ್ಪಾತ್ರಿ. ಸುಮ್ನ ಆಡಿದ್ದು ಅವು. ಒಂದೂ ಖರೇ ಅಲ್ರಿ."

ತಲೆ ಎತ್ತಿದಾಗ ಕಿಟಕಿಯ ಬಿಸಿಲು ಕಿವಿಯೊಳಗೆ ಬಿತ್ತು. ಒಳಗೆಲ್ಲ ಕೆಂಪು ಮೇಣ. ಅಂಚು ಸುತ್ತ ನೀಟಾಗಿ ಒತ್ತಿತ್ತು. ನಡುವೆ ಅವನ ಬೆರಳಿನ ಗುರುತು.

ಅವಳು ಉಗುರು ಹಾಕಿ ಕೆರೆದಳು. ಮೇಣ ಅಲುಗಲಿಲ್ಲ. ಮತ್ತೆ ಕೆರೆದಳು.

"ವೈನಿ! ಏನ ಮಾಡ್ಲಿಕತ್ತೀರಿ?"

ಯಾರೋ ರಟ್ಟೆ ಹಿಡಿದು ಎಳೆದರು. ಚಟ್ಟ ಎದ್ದಿತು. ಸಂಕಪ್ಪ ಒಂದು ಕಡೆ ಹೆಗಲು ಕೊಟ್ಟ. ಮೆಟ್ಟಿಲು ಇಳಿಯುವ ಸದ್ದು ಮೊದಲು ಹತ್ತಿರ, ಆಮೇಲೆ ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ ಕೇಳಿಸಿತು.

ರಂಗೂಬಾಯಿ ಗೋದೆಯನ್ನು ಬಚ್ಚಲಿಗೆ ಕರೆದೊಯ್ದು ಬಳೆ ಒಡೆದಳು, ಹಣೆ ಒರೆಸಿದಳು. ಆಮೇಲೆ ಉಗುರಸಂದಿಯಲ್ಲಿ ಉಳಿದ ಕೆಂಪು ಅವಳ ಕಣ್ಣಿಗೆ ಬಿತ್ತು.

"ಇಲ್ಲೂ ಉಳದದ ನೋಡು ಕುಂಕುಮ. ಇನ್ನ ಇದು ಯಾಕವಾ ನಿನಗ," ಎನ್ನುತ್ತ ಆ ಬೆರಳನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಅದ್ದಿ ಉಜ್ಜತೊಡಗಿದಳು. ನೀರು ಮೇಣದ ಮೇಲಿಂದ ಹನಿಹನಿಯಾಗಿ ಜಾರುತ್ತಿತ್ತು.