ಗಾಳಿ ಕಾಣದ ಕಲ್ಲು

ಗೋಡೆ ಒಳಗೊಳಗೇ ಒದ್ದೆಯಾಗಿದೆ ಎಂದು ಶಕುಂತಲಾಬಾಯಿಗೆ ಮೊದಲು ಗೊತ್ತಾದದ್ದು ಮೂಗಿನಿಂದ. ಬಾಣಂತಿ ಮಲಗುವ ಕೋಣೆಯಲ್ಲಿ ಲೋಬಾನದ ಹೊಗೆ, ಬೆಳ್ಳುಳ್ಳಿ, ಅಜಿವಾನ, ಹಾಲು ಕಕ್ಕಿದ ಬಟ್ಟೆಯ ವಾಸನೆ ಇರಬೇಕು, ಇತ್ತು. ಆದರೆ ಅವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಅದು ಖಣಿಯಲ್ಲಿ ಆಗಷ್ಟೇ ಕಡಿದ ಹಸಿ ಕಲ್ಲಿನದು. ಕೆಂಪುಕಲ್ಲಿನ ವ್ಯಾಪಾರಿಯನ್ನು ಕಟ್ಟಿಕೊಂಡು ಇಷ್ಟು ವರ್ಷ ಅವನ ಅಂಗಿ ಒಗೆದವಳಿಗೆ ಅದು ತಿಳಿಯದೆ ಇರುತ್ತದೆಯೇ? ಮಂಚದ ಮೇಲೆ ಮಗಳು ಪೂನಂ ಮಲಗಿದ್ದಳು, ಮಗ್ಗುಲಲ್ಲಿ ಇನ್ನೂ ಹೆಸರಿಡದ ಕೂಸು. ಶಕುಂತಲಾಬಾಯಿ ಹಿಂದಿನ ಗೋಡೆಗೆ ಅಂಗೈ ಒತ್ತಿದಳು. ಸಿಮೆಂಟಿನ ಗಿಲಾವಿನ ಮೇಲೆ ಬಳಿದ ಗುಲಾಬಿ ಬಣ್ಣ ತಣ್ಣಗೆ ಕೈಗೆ ಹತ್ತಿತು.

ಅವಳು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ಯಾಕೆಂದರೆ ಈ ಕಲ್ಲಿನ ವಿಷಯದಲ್ಲಿ ಗಂಡ ಮಹಾರುದ್ರಪ್ಪ ಊರಿಗೆಲ್ಲ ಹೇಳುತ್ತಿದ್ದ ಪಾಠ ಅವಳಿಗೆ ಬಾಯಿಪಾಠವಾಗಿತ್ತು.

ಬಸವಕಲ್ಯಾಣದ ಆಚೆ ಅವನದೊಂದು ಖಣಿ. ಹಸಿ ಕಲ್ಲು ಕೇಳಿಕೊಂಡು ಬಂದವರಿಗೆ ಚಹಾ ಕುಡಿಸಿ, ಬುದ್ಧಿ ಹೇಳಿ, ಬರಿಗೈಯಲ್ಲಿ ಕಳಿಸುವಷ್ಟು ಮೊಂಡ. "ನೆಲದಾಗ ಇದ್ದಾಗ ಇದು ಖೋವಾ ಇದ್ದಂಗ್ರಿ. ಕೊಡಲಿಲೆ ಕಡೀಬಹುದು. ಹೊರಗ ತಗದು ಒಂದು ಬ್ಯಾಸಗಿ ಬಿಸಲು, ಒಂದು ಮಳಿಗಾಲ ಗಾಳಿ ತೋರಸ್ರಿ. ಆಮ್ಯಾಲ ಮೊಳಿ ಹೊಡದು ನೋಡ್ರಿ, ಮೊಳಿನೇ ಡೊಂಕಾಗತದ" ಎನ್ನುತ್ತಿದ್ದ. ಪೂನಂ ಕಾಲೇಜಿನಲ್ಲಿ ಭೂವಿಜ್ಞಾನ ಓದಿ ಬಂದ ಮೇಲೆ ಆ ಪಾಠಕ್ಕೆ ಇನ್ನಷ್ಟು ಬಾಲ ಬೆಳೆಯಿತು. ಕೆಳಗಿರುವ ಕರಿಕಲ್ಲು ಒಂದು ಕಾಲಕ್ಕೆ ಹರಿಯುವ ಬೆಂಕಿಯಾಗಿತ್ತು, ನೆಲ ಸೀಳಿ ಬಂದು ಪದರದ ಮೇಲೆ ಪದರವಾಗಿ ಆರಿ ಕಲ್ಲಾಯಿತು ಎಂದು ಅವಳು ಅಪ್ಪನಿಗೆ ಹೇಳಿದ್ದಳು. ಲಕ್ಷಗಟ್ಟಲೆ ವರ್ಷ ಅದರ ಮೇಲೆ ಮಳೆ ಸುರಿಯಿತು. ಕರಗುವುದೆಲ್ಲ ನೀರಿನ ಜೊತೆ ಹೋಯಿತು, ಕಬ್ಬಿಣ ಉಳಿದು ತುಕ್ಕು ಹಿಡಿದು ಕೆಂಪಾಯಿತು. ಕೆಂಪಿಗೂ ಕರಿಗೂ ನಡುವೆ ಇರುವ ಬಿಳಿ ಜೇಡಿ ಇನ್ನೂ ಯಾವುದೂ ಆಗದೆ ಉಳಿದದ್ದು.

"ಅಂದ್ರ ಕರಿಕಲ್ಲು ಕೆಂಪಾಗಿ ಮುಗದಿಲ್ಲಪ್ಪಾ, ಈಗೂ ಆಗಾಕತ್ತದ. ನಮ್ಮೂರು ನಿಂತಿದ್ದೇ ತುಕ್ಕಿನ ಮ್ಯಾಲ" ಎಂದು ಅವಳು ನಕ್ಕಿದ್ದಳು.

"ಅದೊಂದು ಮಾತು ಗಿರಾಕಿ ಮುಂದ ಆಡಬ್ಯಾಡವ್ವಾ" ಎಂದಿದ್ದ ಮಹಾರುದ್ರಪ್ಪ.

ಇಂಥ ಮನುಷ್ಯ ಎಡವಿದ್ದು ಬೀಗತಿಯ ಒಂದು ಮಾತಿಗೆ. ಪೂನಂ ಬಸುರಿಯಾಗಿದ್ದಾಗ ಅವಳ ಕುಬಸಕ್ಕೆ ಹುಮನಾಬಾದಿನಿಂದ ಅತ್ತೆ ಜಗದೇವಿ ಬಂದಿದ್ದಳು. ಪೇಟೆಯಲ್ಲಿ ಅಂಗಡಿ, ಮೇಲೆ ಸಿಮೆಂಟಿನ ಮನೆ ಇರುವವಳು. ಇವರ ಹಳೇ ನಡುಮನೆಯ ಗಿಲಾವಿಲ್ಲದ ಕೆಂಪು ಗೋಡೆಯ ಮೇಲೆ ಬೆರಳಾಡಿಸಿ, "ನಮ್ಮ ಮೊಮ್ಮಗು ಈ ಹುಡಿ ಉದುರೋ ಖೋಲ್ಯಾಗ ಮಲಗೋದೇನ್ರಿ?" ಎಂದಳು. ನಗುತ್ತಲೇ ಅಂದದ್ದು. ಆದರೆ ಕಲ್ಲಿನ ವ್ಯಾಪಾರಿಯ ಮನೆಯಲ್ಲಿ ನಿಂತು ಕಲ್ಲನ್ನೇ ಆಡಿಕೊಂಡರೆ ಆ ನಗು ಯಾರಿಗೆ ಬೇಕು? ಮಹಾರುದ್ರಪ್ಪ ಅಂದು ಊಟ ಸರಿಯಾಗಿ ಮಾಡಲಿಲ್ಲ. ಯುಗಾದಿ ಮುಗಿದದ್ದೇ ಹಿತ್ತಲಲ್ಲಿ ಹೊಸ ಕೋಣೆಗೆ ಪಾಯ ತೋಡಿಸಿದ.

ಒಣಗಿದ ಕಲ್ಲೆಲ್ಲ ಆಗಲೇ ಮಾರಿಹೋಗಿತ್ತು. ಖಣಿಯ ತಳದಲ್ಲಿ, ಜೇಡಿಗೆ ಹತ್ತಿರ, ಬಿಳಿ ಚುಕ್ಕೆಯ ಮೆದು ಕಲ್ಲು ಉಳಿದಿತ್ತು. ಅದನ್ನೇ ಕಡಿಸಿ ಹಸಿಹಸಿಯಾಗಿ ಗೋಡೆ ಏರಿಸಿದ. "ಗ್ವಾಡ್ಯಾಗ ಕುಂತು ಒಣಗತದ ತಗೋ" ಎಂದ. ಒಣಗುತ್ತಿತ್ತೋ ಏನೋ. ಆದರೆ ಹುಮನಾಬಾದಿನ ಮನೆಯಂತೆ ಕಾಣಬೇಕಲ್ಲ, ಒಳಗೂ ಹೊರಗೂ ಸಿಮೆಂಟು ಮೆತ್ತಿಸಿದ. ಕಲ್ಲು ಉಸಿರಾಡುವ ಜಾಗವೆಲ್ಲ ಮುಚ್ಚಿತು. ಆಮೇಲೆ ಮಳೆ ಬಂತು, ಮಳೆಯ ಜೊತೆಗೆ ಕೂಸೂ ಬಂತು. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಕಂಬಳಿ ಹೊಡೆದು, ಸಂದಿಗೆ ಹಳೇ ಸೀರೆ ತುರುಕಿದವಳು ಶಕುಂತಲಾಬಾಯಿಯೇ. ಗಂಡನಿಗೆ ಕಲ್ಲಿನ ಪಾಠ ಗೊತ್ತಿತ್ತು, ಹೆಂಡತಿಗೆ ಬಾಣಂತನದ ಪಾಠ ಗೊತ್ತಿತ್ತು. ಇಬ್ಬರೂ ಸೇರಿ ಮಗಳನ್ನೂ ಕೂಸನ್ನೂ ಆ ಹಸಿ ಗೋಡೆಗಳ ನಡುವೆ ಮಲಗಿಸಿದ್ದರು.

ಗೋಡೆಯ ಒದ್ದೆ ಕೈಗೆ ಹತ್ತಿದ ಆ ದಿನವೇ ಕೂಸಿಗೆ ಹೆಸರಿಡುವ ತೊಟ್ಟಿಲ ಕಾರ್ಯಕ್ರಮ. ಬೀಗರು ಬರುವ ಮೊದಲೇ ಶಕುಂತಲಾಬಾಯಿ ಗಂಡನನ್ನು ಒಳಗೆ ಕರೆದಳು.

"ಏನ್ರಿ, ಗ್ವಾಡಿ ಮುಟ್ಟಿ ನೋಡ್ರಿ. ಪೂನಂಗ ನಡುಮನ್ಯಾಗ ಮಲಗಸ್ತೀನಿ."

ಮಹಾರುದ್ರಪ್ಪ ಅಂಗೈ ಇಟ್ಟ. ತೆಗೆದ. ಹೊಸ ಧೋತರಕ್ಕೆ ಒರೆಸಿಕೊಂಡ. ಹೆಂಡತಿಯ ಮುಖ ನೋಡಲಿಲ್ಲ. "ಮಳಿಗಾಲದಾಗ ಯಾ ಗ್ವಾಡಿ ತಣ್ಣಗ ಇರಂಗಿಲ್ಲ? ಇವತ್ತ ಬೀಗರು ಬರಾಕತ್ತಾರ. ಈ ಖೋಲಿ ತೋರ್ಸಾಕಂತನೇ ಕಟ್ಟೇನಿ. ಬಾಣಂತಿಗಿ ಎಬ್ಬಿಸಿ ಒಯ್ದ್ರ ನಾಳಿ ನನ್ನ ಕಲ್ಲು ಯಾರು ತಗೋತಾರ? ಇವತ್ತೊಂದಿನ ದಾಟಲಿ."

ಅವನಿಗೆ ಗೊತ್ತಿದೆ ಎಂಬುದು ಆ ಒರೆಸಿಕೊಂಡ ಕೈಯಲ್ಲೇ ಅವಳಿಗೆ ತಿಳಿಯಿತು. ಗೊತ್ತಿಲ್ಲದೆ ಹೇಳಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಆದರೂ ಒಂದು ದಿನ ತಾನೇ ಎಂದುಕೊಂಡಳು. ಇದ್ದಬದ್ದ ದೇವರನ್ನೆಲ್ಲ ನೆನೆದು ಹೂರಣ ರುಬ್ಬಲು ಕುಳಿತಳು, ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ಹುಮನಾಬಾದಿನವರು ಬಂದರು. ಗಂಡಸರು ಅಂಗಳದ ಚಪ್ಪರದಲ್ಲಿ ಕುಳಿತರು. ಹೆಂಗಸರು ಹೊಸ ಕೋಣೆಯಲ್ಲಿ ತುಂಬಿದರು. ಜಗದೇವಿ ಸುತ್ತ ನೋಡಿ, "ಭಾಳ ಛಲೋ ಮಾಡೀರಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಮಹಾರುದ್ರಪ್ಪ ಗಂಟಲು ಸರಿಮಾಡಿಕೊಂಡು ಹೆಂಡತಿಯ ಕಡೆ ಒಮ್ಮೆ ನೋಡಿದ.

ತಗಡಿನ ಮಾಡಿನ ಕೆಳಗಿನ ಕಬ್ಬಿಣದ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಕೂಸನ್ನು ಮಲಗಿಸಿ ಜೋಗುಳ ಶುರುಮಾಡಿದರು. ತೊಟ್ಟಿಲು ಅತ್ತ ಹೋದಾಗ ತೊಲೆ ಕಿರ್ ಅಂದಿತು, ಇತ್ತ ಬಂದಾಗ ಇನ್ನೊಮ್ಮೆ ಅಂದಿತು. ಹಾಡಿನ ಗದ್ದಲದಲ್ಲಿ ಬೇರೆ ಯಾರಿಗೂ ಕೇಳಲಿಲ್ಲ. ಶಕುಂತಲಾಬಾಯಿಯ ಕಿವಿಗೆ ಬೇರೇನೂ ಬೀಳುತ್ತಿರಲಿಲ್ಲ. ಕೂಸಿನ ದುಪಟಿಯ ಮೇಲೆ ಗುಲಾಬಿ ಬಣ್ಣದ ಒಂದು ಚಕ್ಕೆ ಬಿತ್ತು. ತಲೆಯೆತ್ತಿದರೆ, ತೊಲೆ ಕುಳಿತಿದ್ದ ಕಡೆ ಹಿಂದಿನ ಗೋಡೆಯ ಗಿಲಾವು ಉಬ್ಬಿ ಬಾಯಿ ಬಿಡುತ್ತಿತ್ತು.

ಅವಳು ತೊಟ್ಟಿಲ ಹಗ್ಗ ಹಿಡಿದು ನಿಲ್ಲಿಸಿದಳು. ಹಾಡು ನಿಂತಿತು.

"ಹೆಸರು ಆಗಿಲ್ಲ ಇನ್ನಾ. ನಡುವ ತೊಟ್ಟಿಲ ನಿಂದ್ರಸಬಾರದ್ರಿ ಬೀಗರ" ಎಂದಳು ಜಗದೇವಿ. ಮುಖ ಗಂಟಿಕ್ಕಿತ್ತು.

ಶಕುಂತಲಾಬಾಯಿ ಕೂಸನ್ನೆತ್ತಿ ಅವಳ ಕೈಗಿಟ್ಟಳು. "ಹೊರಗ ನಡೀರಿ. ಎಲ್ಲಾರೂ ನಡೀರಿ."

"ಈ ಮಳ್ಯಾಗ, ಗಾಳ್ಯಾಗ? ಬಾಣಂತಿಗಿ ಹೊರಗ ಕರ್ಕೊಂಡು ಹೋಗ್ತೀರೇನು? ಯಾಕಂತ ಹೇಳ್ರಿ ಮೊದಲ" ಎಂದಳು ಜಗದೇವಿ.

ಹೇಳುತ್ತ ಕೂರುವ ಹೊತ್ತಾಗಿರಲಿಲ್ಲ. ಮಂಚದ ಕೆಳಗೆ ಬಾಣಂತಿಗೆ ಕಾಸಲಿಟ್ಟ ಶೆಗಡಿಯಿಂದ ಕೆಂಡ ಎತ್ತುವ ಚಿಮಟಾ ತೆಗೆದುಕೊಂಡು ಶಕುಂತಲಾಬಾಯಿ ಗೋಡೆಯ ಬಿರುಕಿಗೆ ಚುಚ್ಚಿದಳು. ಕಬ್ಬಿಣ ಅವಳ ಮುಷ್ಟಿಯವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ಅದರ ತುದಿಗೆ ಕಲಸಿದ ಹಿಟ್ಟಿನಂಥ ಕೆಂಪು ಬಿಳಿ ಮಣ್ಣು ಅಂಟಿತ್ತು. ಅದನ್ನು ನೋಡಿದ್ದೇ ಜಗದೇವಿ ಕೂಸನ್ನು ಎದೆಗೆ ಒತ್ತಿಕೊಂಡು ಮೊದಲು ಹೊರಬಿದ್ದಳು, ಹೆಂಗಸರು ಅವಳ ಹಿಂದೆ ನುಗ್ಗಿದರು.

ಪೂನಂಗೆ ಬೇಗ ಏಳಲಾಗಲಿಲ್ಲ, ಹೆರಿಗೆಯ ಹೊಲಿಗೆ ಇನ್ನೂ ಹಸಿಯಿತ್ತು. "ಅವ್ವಾ, ನೀ ಹೋಗು ಮೊದಲ" ಎಂದಳು. ಶಕುಂತಲಾಬಾಯಿ ಅವಳ ತೋಳು ಹಿಡಿದು ಎಳೆಯುತ್ತಿದ್ದಾಗ ಮಹಾರುದ್ರಪ್ಪ ಒಳಗೆ ಬಂದ. ಗೋಡೆಯನ್ನು ನೋಡಲಿಲ್ಲ, ಹೆಂಡತಿಯ ಕೈಯಲ್ಲಿದ್ದ ಚಿಮಟಾ ನೋಡಿದ. ಮಗಳನ್ನು ಚಿಕ್ಕವಳಿದ್ದಾಗ ಎತ್ತಿಕೊಳ್ಳುತ್ತಿದ್ದಂತೆ ಎತ್ತಿಕೊಂಡು ಹೊರಗೆ ಓಡಿದ, ಶಕುಂತಲಾಬಾಯಿ ಅವನ ಬೆನ್ನಿಗೇ ಬಂದಳು.

ಗೋಡೆ ಬೀಳಲಿಲ್ಲ, ಕುಸಿದು ಕುಳಿತಿತು. ದೊಡ್ಡ ಸದ್ದೂ ಆಗಲಿಲ್ಲ. ತೊಲೆಯ ಒಂದು ತುದಿ ಮಾತ್ರ ಇಳಿದು ಬಂದು ಪೂನಂ ಮಲಗಿದ್ದ ದಿಂಬಿನ ಮೇಲೆ ನಿಂತಿತು. ಹಿತ್ತಲಲ್ಲಿ ನಿಂತು ಬಾಗಿಲಿನಿಂದ ಎಲ್ಲರೂ ಅದನ್ನು ನೋಡಿದರು. ಶಕುಂತಲಾಬಾಯಿ ಮಳೆಯಲ್ಲೇ ಕುಳಿತುಬಿಟ್ಟಳು.

ತೊಟ್ಟಿಲು ಕೊನೆಗೆ ಹಳೇ ನಡುಮನೆಯಲ್ಲಿ ತೂಗಿತು. ಕೆಂಪು ಗೋಡೆಯ ಮೇಲಿನ ತೊಲೆಯಲ್ಲಿ ಪೂನಂಳ ತೊಟ್ಟಿಲು ಕಟ್ಟಿದ್ದ ಕೊಂಡಿಯೇ ಇತ್ತು. ಜಗದೇವಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಆಮೇಲೆ ಶಕುಂತಲಾಬಾಯಿಯ ಪಕ್ಕ ಬಂದು ಕುಳಿತು ಮೆಲ್ಲಗೆ ಕೇಳಿದಳು, "ಅವತ್ತ ನಾ ಅಂದ ಮಾತಿಗೇನ್ರಿ ಆ ಖೋಲಿ ಕಟ್ಟಿಸಿದ್ದು?"

ಇಲ್ಲ ಎನ್ನಬಹುದಿತ್ತು. ಅಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. "ಹೌದ್ರಿ. ಆದ್ರ ಕಟ್ಟಿದವ್ರು ನಾವು" ಎಂದಳು ಶಕುಂತಲಾಬಾಯಿ.

ಹಿತ್ತಲಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹೊಸ ಧೋತರ ಉಟ್ಟುಕೊಂಡೇ ಮಹಾರುದ್ರಪ್ಪ ಉಳಿದ ಮೂರು ಗೋಡೆಗಳ ಹೊರಗಿನ ಗಿಲಾವು ಒಡೆಯುತ್ತಿದ್ದ. ಬೇಲಿಯಾಚೆ ಓಣಿಯ ಜನ ಸೇರಿದ್ದರು. ಅವರಲ್ಲಿ ಮುಂದಿನ ಮನೆಯ ಅಮೋಘಸಿದ್ದಪ್ಪನೂ ಇದ್ದ. ದೀಪಾವಳಿಗೆ ಮನೆ ಕಟ್ಟಲು ಮಹಾರುದ್ರಪ್ಪನಲ್ಲೇ ಕಲ್ಲು ಬೇಕೆಂದು ಹೇಳಿಟ್ಟವನು.

"ಏನಾತ್ರಿ ಮಹಾರುದ್ರಪ್ಪನವರ? ಯಾರ ಖಣಿ ಕಲ್ಲು ಇದು?"

ಸುತ್ತಿಗೆ ನಿಂತಿತು. ನಡುಮನೆಯ ಕಿಟಕಿಯ ಸಂದಿಗೆ ತುರುಕಲೆಂದು ಶಕುಂತಲಾಬಾಯಿ ಹಳೇ ಸೀರೆ ಮಡಚುತ್ತಿದ್ದಳು. ಅವಳ ಕೈಯೂ ನಿಂತಿತು.

"ನಂದೇ" ಎಂದ ಮಹಾರುದ್ರಪ್ಪ, ಓಣಿಗೆಲ್ಲ ಕೇಳುವಂತೆ. "ಹಸಿ ಇತ್ತು. ಗೊತ್ತಿದ್ದೇ ಕಟ್ಟೇನಿ. ಮುಂಜಾನಿ ಇಕಿ ಹೇಳಿದ್ಲು, ಕೇಳಲಿಲ್ಲ."

ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು. ಶಕುಂತಲಾಬಾಯಿ ಪೂನಂಳ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು, ಕೂಸನ್ನು ದುಪಟಿಯಲ್ಲಿ ಸುತ್ತಿದಳು. ಕಿಟಕಿಯ ಸಂದಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಡಚಿದ ಸೀರೆಯನ್ನು ಅವಳು ಸಂದಿಗೆ ತುರುಕದೆ ಪೆಟ್ಟಿಗೆಯ ಮೇಲೆ ಇಟ್ಟಳು.